ಭಂಡಾರದೊಳಗಿನ ಗುಳಗಿ

ಪಟ್ ಅಂದಿತು, ಅಷ್ಟೇ, ಸಿಸ್ಟರ್ ಯಾರಿಗೋ ಗುಳಗಿ ಬಿಡಿಸಿದ ಸದ್ದು, ಜಮಖಂಡಿಯ ಈ ದವಾಖಾನೆಯಲ್ಲಿ ದಿನಕ್ಕೆ ಸಾವಿರ ಸಲ ಆಗುವ ಸದ್ದು, ಆದರೆ ಹೊರಗೆ ಬೆಂಚಿನ ಮೇಲೆ ಕೂತ ಸೋಮವ್ವನ ಕೈ ತಾನಾಗಿ ಬಾಯಿಗೆ ಹೋಯಿತು, ಸುಳ್ಳೇ ಒಂದು ಕೆಮ್ಮು ಕೆಮ್ಮಿದಳು — ಮೂರು ವರ್ಷದ ಚಾಳಿ, ತುಬಚಿ ಊರಿನ ಮನೆಯ ಅಡುಗೆಕೋಣೆಯಲ್ಲೂ ಹೀಗೇ, ಬೆಳ್ಳಿ ಕಾಗದ ಹರಿಯುವಾಗೊಮ್ಮೆ ಒಂದು ಕೆಮ್ಮು, ಪಡಸಾಲೆಯಲ್ಲಿದ್ದ ಮಗನಿಗೆ ಕೇಳಬಾರದೆಂದು, ಯವ್ವಾ ನಿನ್ನ ಕೆಮ್ಮ ಹೋಗಲೇ ಇಲ್ಲಲ್ಲ ಬೇ, ಎಲ್ಲೆರ ತೋರ್ಸಬಾರ್ದೇನ, ಅನ್ನುತ್ತಿದ್ದ ಮಾಳಿಂಗರಾಯ, ಅಯ್ಯೋ ಆ ಮಾತು, ತಾಯಿಯ ಸುಳ್ಳು ಕೆಮ್ಮಿಗೆ ಮರುಗಿ ಶುಂಠಿ ಬೆಲ್ಲ ಕುದಿಸಿ ತಂದುಕೊಟ್ಟವನು, ಅದನ್ನೂ ಕುಡಿದಳಲ್ಲ ಈಕೆ, ನಾಚಿಕೆಗೆಟ್ಟು ಗಟಗಟ ಕುಡಿದು ಹಗುರಾತು ನೋಡಪಾ ಅಂದಳಲ್ಲ.

ಕದ ಅರ್ಧ ತೆರೆದಿದೆ, ಒಳಗೆ ಮಂಚದ ಮೇಲೆ ಮೊಮ್ಮಗಳು ಸುವರ್ಣಾ, ಆರು ವರ್ಷದ ಕೂಸು, ಕುತ್ತಿಗೆ ಒಂದು ಕಡೆ ತಿರುಚಿಕೊಂಡಿದೆ, ಕಣ್ಣಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿವೆ, ನಾಲಿಗೆ ಹೊರಗೆ, ಹೊರಗೇ ನಿಂತಿದೆ, ಒಳಗೆ ಹೋಗವಲ್ಲದು, ಮಗಳು ಭಾಗ್ಯಾ ಸೆರಗಿನ ತುದಿಯಿಂದ ಜೊಲ್ಲು ಒರೆಸುತ್ತಾಳೆ, ಒರೆಸಿದಷ್ಟೂ ಬರುತ್ತದೆ. ಆಗಲೇ ಕೇಳಿಹೋದರು ಡಾಕ್ಟರ್, ಕನ್ನಡಕದ ಸಣ್ಣ ಹೆಂಗಸು, ಕೂಸಿಗೆ ಏನ್ ಕೊಟ್ಟೀರಿ, ಮನ್ಯಾಗ ಯಾರರ ತಲಿ ಬ್ಯಾನಿ ಗುಳಗಿ, ಮನಸಿನ ಗುಳಗಿ ತಗೋತಾರೇನ್ರಿ, ಇದು ಯಾವುದೋ ಗುಳಗಿಯಿಂದ ಆಗಿದ್ದ ಕಂಡಂಗ ಐತಿ, ಯಾವುದು ಎಷ್ಟು ಅಂತ ಗೊತ್ತಾಗದ ನಾ ಮುಂದ ಹೋಗಾಕ ಬರೂದಿಲ್ಲ. ಏನೂ ಇಲ್ರಿ, ಅಂದಳು ಭಾಗ್ಯಾ, ಪಾಪ ಅವಳಿಗೆ ಗೊತ್ತಿದ್ದದ್ದೇ ಅಷ್ಟು. ಬೀರಪ್ಪನ ಭಂಡಾರ ಅಷ್ಟ ಹಚ್ಚೇನ್ರಿ ನಾಲಿಗಿಗೆ, ಅಂದ ಮಾಳಿಂಗ, ಅರಿಷಿಣ ಪುಡಿರಿ, ದೇವರದು. ಅರಿಷಿಣಕ್ಕ ಹಿಂಗ ಆಗೂದಿಲ್ಲಪಾ, ಅಂದರು ಡಾಕ್ಟರ್, ಅಂದು ಒಂದು ಗಳಿಗೆ ಸೋಮವ್ವನ ಮುಖ ನೋಡಿದರು. ಸೋಮವ್ವ ಗೋಡೆ ನೋಡಿದಳು.

ಹೇಳಬೇಕು. ಹೇಳಿದರೆ ಮಗ ಹೋಗುತ್ತಾನೆ. ಹೇಳದಿದ್ದರೆ ಕೂಸು. ಬಿಸಿ ತುಪ್ಪ ಬಾಯಲ್ಲಿ ಇಟ್ಟುಕೊಂಡು ಕೂತಂತಾಗಿದೆ, ನುಂಗಲಾರೆ, ಉಗುಳಲಾರೆ — ಹೇಳಿದ ದಿನವೇ ಅವನು ಗುಳಗಿ ಬಿಡುತ್ತಾನೆ, ಬಿಟ್ಟರೆ ಮತ್ತೆ ಆ ಹೊಳೆ, ಕೃಷ್ಣೆಯ ನೀರಲ್ಲಿ ಎದೆಮಟ ನಿಂತಿದ್ದನಲ್ಲ ಆ ಸಲ, ನೀರೆತ್ತುವ ದೊಡ್ಡ ಪೈಪಿಗೆ ಕಿವಿ ಕೊಟ್ಟು, ಒಳಗಿಂದ ನನ್ನ ಹೆಸರ ಹಿಡದ ಕರ್ಯಾಕತ್ತಾರ ಬೇ, ನಿನಗ ಕೇಳಸ್ವಲ್ಲದೇನ, ಅಂದವನನ್ನು ನಾಲ್ಕು ಮಂದಿ ಎಳೆದು ತಂದದ್ದು, ಕುರಿ ಹಿಂಡು ಯಾರದೋ ಜೋಳದಲ್ಲಿ ನುಗ್ಗಿದ್ದು, ಬಾಗಲಕೋಟೆಯ ಡಾಕ್ಟರು ಬರೆದುಕೊಟ್ಟ ಗುಳಗಿಯನ್ನು ಅವನು ಅಂಗಳಕ್ಕೆ ಉಗುಳಿದ್ದು, ನನಗೇನ ಹುಚ್ಚ ಹಿಡದೈತೇನ, ರೊಟ್ಟಿಯಲ್ಲಿ ವಿಷ ಐತಿ ಅಂದ, ಮಜ್ಜಿಗೆಯಲ್ಲಿ ಐತಿ ಅಂದ, ಹೆತ್ತವಳ ಕೈಯ ನೀರೂ ಬೇಡವಾಯಿತು. ಒಂದೇ ಒಂದು ಬೇಕಾಗಿತ್ತು, ಬೀರಪ್ಪನ ಭಂಡಾರ, ಅದನ್ನು ಮಾತ್ರ ಅವ್ವನ ಕೈಯಿಂದಲೂ ತಗೊಳ್ಳುತ್ತಿದ್ದ. ದಿನಾ ಮುಂಜಾನೆ ಜಳಕ ಮಾಡಿ ಬಂದು ದೇವರ ಜಗುಲಿಯ ಮುಂದೆ ಮೊಳಕಾಲೂರಿ ನಾಲಿಗೆ ಚಾಚುತ್ತಿದ್ದ, ಇಪ್ಪತ್ತೆಂಟು ವರ್ಷದ ಗಂಡುಮಗ, ಮೀಸೆ ಹೊತ್ತವನು, ಹಾಲು ಬಿಡದ ಕೂಸು ಚಾಚಿದಂತೆ.

ಮುಚ್ಚಿ ಕೊಡಬ್ಯಾಡ್ರಿ, ಎಂದು ಬಾಗಲಕೋಟೆಯ ಡಾಕ್ಟರು ಆಗಲೇ ಹೇಳಿದ್ದರು, ಒಲ್ಲೆ ಅಂದ್ರ ಕರಕೊಂಡ ಬರ್ರಿ, ನಾನ ಮಾತಾಡ್ತೀನಿ, ತಿಂಗಳಿಗೊಮ್ಮೆ ಇಂಜೆಕ್ಷನ್ ಐತಿ, ಬ್ಯಾರೆ ದಾರಿ ಅದಾವ. ಹೂಂರಿ ಅಂದಿದ್ದಳು. ಹೂಂ ಅನ್ನಲು ಸೋಮವ್ವನಿಗೆ ಯಾರೂ ಕಲಿಸಬೇಕಿಲ್ಲ. ಹೂಂ ಅಂದು ಬಂದು, ಹತ್ತು ಗುಳಗಿ ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಅರೆದು ಅರಿಷಿಣದ ಡಬ್ಬಿಗೆ ಕಲಸಿದಳು, ಒಂದು ಚಿಟಿಕೆ ಅಂದರೆ ಒಂದು ಗುಳಗಿ ಎಂದು ತಾನೇ ಕಾನೂನು ಮಾಡಿಕೊಂಡಳು, ಚಿಟಿಕೆ ಒಂದು ದಿನ ದಪ್ಪ, ಒಂದು ದಿನ ತೆಳು, ರಾತ್ರಿ ಉಂಡಮೇಲೆ ಕೊಡ್ರಿ ಅಂದದ್ದನ್ನು ಮುಂಜಾನೆಗೆ ತಂದಳು, ದೇವರ ಹೊತ್ತಿಗೆ ಹೊಂದಬೇಕಲ್ಲ, ಆಮೇಲೆ ಅವನು ಹಗಲೆಲ್ಲ ಕುರಿಗಳ ನಡುವೆ ತೂಕಡಿಸಿದರೆ ಊರವರು ದೇವರ ಅಮಲು ಅಂದರು, ಈಕೆ ಅಲ್ಲ ಅನ್ನಲಿಲ್ಲ. ಗುಳಗಿಯ ಬೆಳ್ಳಿ ಚೀಟಿ ಎಲೆಅಡಿಕೆಯ ಸಂಚಿಯಲ್ಲಿ, ಸುಣ್ಣದ ಡಬ್ಬಿಯ ಕೆಳಗೆ. ಮುಗಿದಾಗ ಬಾಗಲಕೋಟೆಗೆ ಒಬ್ಬಳೇ ಹೋಗಿ, ಮಗ ಆರಾಮದಾನ್ರಿ, ಗುಳಗಿ ನುಂಗತಾನ್ರಿ, ಎಂದು ಡಾಕ್ಟರಿಗೂ ಒಂದು ಸುಳ್ಳು.

ಮತ್ತೆ ಅವನು ಆರಾಮ ಆದನಲ್ಲ, ಅಲ್ಲಿಂದಲೇ ಬಂತು ಕೇಡು. ಪೈಪು ಕರೆಯುವುದು ನಿಂತಿತು, ರೊಟ್ಟಿ ಉಂಡ, ನಕ್ಕ, ಬೀರಪ್ಪ ಕೈ ಹಿಡದಾ ಬೇ ನನ್ನ, ಅಂದ. ಊರೂ ಅಂದಿತು. ಅಮಾವಾಸ್ಯೆ ಬಂದರೆ ಮನೆಮುಂದೆ ಮಂದಿ, ಮಾಳಿಂಗನ ಕೈಯಿಂದ ಒಂದು ಚಿಟಿಕೆ ಭಂಡಾರಕ್ಕಾಗಿ, ಸೋಮವ್ವ ಜಾಣಳು, ಮಂದಿಗೆ ಬೇರೆ ಡಬ್ಬಿ ಇಟ್ಟಳು, ಶುದ್ಧ ಅರಿಷಿಣದ್ದು, ಮತ್ತು ಹುಚ್ಚನ ತಾಯಿ ಎಂದು ಬಾವಿಯ ಹತ್ತಿರ ಮುಖ ತಿರುಗಿಸುತ್ತಿದ್ದ ನೆರೆಮನೆಯ ಮುತ್ತವ್ವ ಈಗ ಗುಡಿಯಲ್ಲಿ ಬಾ ಯಕ್ಕಾ ಮುಂದ ಕೂಡಬಾ ಎಂದು ಜಾಗ ಬಿಟ್ಟಳು, ಕೂತಳು, ಸುಖ ಅನ್ನಿಸಿತು, ಸುಳ್ಳಲ್ಲ, ಬಹಳ ಸುಖ ಅನ್ನಿಸಿತು. ಮಗನ ಸಲುವಾಗಿ ಮುಚ್ಚಿಟ್ಟೆ ಅನ್ನುತ್ತಾಳಲ್ಲ, ಮೊದಲ ವರ್ಷ ಮಗನ ಸಲುವಾಗಿ, ಆಮೇಲಿನದು ಆ ಮುಂದಿನ ಜಾಗದ ಸಲುವಾಗಿ. ಇದನ್ನು ಯಾವ ಡಾಕ್ಟರಿಗೆ ಹೇಳುವುದು.

ನಿನ್ನೆ ಅಮಾವಾಸ್ಯೆ. ಜ್ವರದ ಕೂಸನ್ನು ಹೊತ್ತು ಭಾಗ್ಯಾ ತವರಿಗೆ ಬಂದಳು, ಮಾಳಿಂಗ ಮಂದಿಯ ಡಬ್ಬಿ ಮುಟ್ಟಲಿಲ್ಲ, ತನ್ನ ಡಬ್ಬಿಯನ್ನೇ ತಂದ, ಇದು ನನ್ನ ಉಳಿಸಿದ್ದು, ನನ್ನ ಸೋದರಸೊಸಿಗೂ ಇದ ಬೇಕು, ಅಂದ, ಅಷ್ಟು ಪ್ರೀತಿ ಅವನಿಗೆ ಅದರ ಮೇಲೆ. ಸೋಮವ್ವ ಒಲೆಯ ಮುಂದಿಂದ ನೋಡಿದಳು, ಒಂದು ಚಿಟಿಕೆಗೆ ಏನಾಗುತ್ತದೆ ಎಂದುಕೊಂಡಳು. ಕೂಸು ದಿನವಿಡೀ ಮಲಗಿತು, ಜ್ವರ ಬಿಟ್ಟಿತು ನೋಡ ಅಂದರು ಎಲ್ಲ. ಇವತ್ತು ಮುಂಜಾನೆ ಅದರ ಕುತ್ತಿಗೆ ತಿರುಗಿತು, ಕಣ್ಣು ಮೇಲೆ ಹೋದವು, ನಾಲಿಗೆ ಹೊರಗೆ ಬಂತು, ಮುತ್ತವ್ವ ಕೈ ಮುಗಿದಳು, ಬೀರಪ್ಪ ಬಂದಾನ ಕೂಸಿನ ಮೈಮ್ಯಾಲೆ, ನಾಲಿಗಿ ಚಾಚಿ ಭಂಡಾರ ಬೇಡಾಕತ್ತಾನ, ಹಾಕೋ ಮಾಳಿಂಗಾ — ಹಾಕಿದ, ಆ ಎಳೆಯ ನಾಲಿಗೆಯ ಮೇಲೆ, ನಿನ್ನೆಗಿಂತ ದೊಡ್ಡ ಚಿಟಿಕೆ, ಮತ್ತು ಸೋಮವ್ವ ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಅವಳಿಗೆ ಗೊತ್ತಿತ್ತು, ಎಲ್ಲ ಗೊತ್ತಿತ್ತು, ಬಾಯಿತನಕ ಬಂತು, ಅಂಗಳದ ತುಂಬ ಮಂದಿ, ಮಗನ ಮುಖದ ಮೇಲೆ ಆ ಬೆಳಕು, ಬಾಯಿ ಮುಚ್ಚಿಕೊಂಡಳು. ಕೂಸು ಉಸಿರಿಗೆ ಒದ್ದಾಡಿದಾಗ ಭಾಗ್ಯಾ ಚೀರಿದಳು, ಟಂಟಂ ಗಾಡಿ ಕರೆಸಿ ಇಲ್ಲಿಗೆ ತಂದರು, ದಾರಿಯುದ್ದ ಈಕೆ ಕೂಸಿನ ಕಾಲು ಹಿಡಿದು ಕೂತಿದ್ದಳು.

ಈಗ ಒಳಗೆ ಏನೋ ಟಿಕ್ಕೆಂದಿತು, ಮುಚ್ಚಳ ತೆಗೆದ ಸದ್ದು, ಮಾಳಿಂಗ ಸೊಂಟದಿಂದ ಆ ಡಬ್ಬಿ ತೆಗೆದಿದ್ದಾನೆ, ಡಾಕ್ಟರ್ ಅತ್ತ ತಿರುಗಿದ್ದಾರೆ, ಇನ್ನೊಂದ ಚೂರ ಹಚ್ಚತೀನಿ ತಂಗಿ, ಅವ ಕೈ ಬಿಡೂದಿಲ್ಲ, ಅನ್ನುತ್ತಿದ್ದಾನೆ ಭಾಗ್ಯಾಳಿಗೆ, ಎರಡು ಬೆರಳು ಹಳದಿಯಾಗಿ ಆ ನಾಲಿಗೆಯ ಕಡೆಗೆ — ಸೋಮವ್ವ ಯಾವಾಗ ಎದ್ದಳೋ, ಅವನ ಮುಂಗೈ ಹಿಡಿದಿದ್ದಳು, ಡಬ್ಬಿ ಬಿದ್ದು ಫರಸಿ ನೆಲದ ತುಂಬ ಅರಿಷಿಣ, ಬ್ಯಾಡೋ, ಅದರಾಗ ಗುಳಗಿ ಐತಿ, ನಿನ್ನ ಗುಳಗಿ, ಮೂರ ವರ್ಷದಿಂದ ಅರದ ಹಾಕಾಕತ್ತೇನಿ, ಡಾಕ್ಟರ್ ರೀ, ಇದ ನೋಡ್ರಿ, ಎಂದು ಸಂಚಿ ಬಿಚ್ಚಿ ಚೀಟಿ ಹುಡುಕಿದಳು, ಅಡಿಕೆ ಚೆಲ್ಲಿತು, ಸುಣ್ಣ ಹತ್ತಿದ ಆ ಬೆಳ್ಳಿ ಚೀಟಿಯನ್ನು ಡಾಕ್ಟರ್ ಕಸಿದುಕೊಂಡು ಓದಿದರು, ಎಷ್ಟ ಗುಳಗಿ ಅರದಿದ್ರಿ, ಎಷ್ಟ ಚಿಟಿಕಿ ಕೊಟ್ರಿ, ಯಾವಾಗ, ಎಲ್ಲಕ್ಕೂ ಬಾಯಿ ಉತ್ತರ ಕೊಟ್ಟಿತು, ಇಷ್ಟು ಸುಲಭವಾಗಿತ್ತೇ, ಇಷ್ಟಕ್ಕೇ ಮೂರು ವರ್ಷವೇ. ಸೂಜಿ ಚುಚ್ಚಿದರು. ಅರ್ಧ ತಾಸಿನಲ್ಲಿ ಕೂಸಿನ ಕುತ್ತಿಗೆ ಸಡಿಲಾಯಿತು, ಕಣ್ಣು ಇಳಿದವು, ನಾಲಿಗೆ ಮೆಲ್ಲಗೆ ಒಳಗೆ ಹೋಯಿತು, ಅವ್ವಾ ನೀರ, ಅಂದಿತು. ರಾತ್ರಿ ಇಲ್ಲೇ ಇರಲಿ, ಎದಿ ಬಡತ ನೋಡಬೇಕು, ಅಂದರು ಡಾಕ್ಟರ್.

ಭಾಗ್ಯಾ ಅತ್ತಳು, ತಾಯಿಯ ಕಡೆ ನೋಡಲಿಲ್ಲ. ಡಾಕ್ಟರ್ ಮಾಳಿಂಗನನ್ನು ಕುರ್ಚಿಯ ಮೇಲೆ ಕೂರಿಸಿಕೊಂಡು ಸಣ್ಣ ದನಿಯಲ್ಲಿ ಹೇಳುತ್ತಿದ್ದರು, ಸಿಟ್ಟ ಬರತೈತಿ, ಬರಬೇಕಾದ್ದ, ಆದ್ರ ಸಿಟ್ಟಿಗೆ ಒಮ್ಮಿಲೇ ಬಿಡಬ್ಯಾಡ, ಬಿಟ್ರ ಜಡ್ಡ ತಿರುಗಿ ಬರತೈತಿ, ನಿನ್ನ ಗುಳಗಿ ನಿನ್ನ ಕೈಲೆ ತಗೋ, ಇಡೀ ಗುಳಗಿ, ದಿನಾ ಒಂದ ಹೊತ್ತಿಗೆ, ಒಂದಿನ ಮರತ್ರ ಮರುದಿನ ಎರಡ ನುಂಗಬ್ಯಾಡ, ಹಗಲ ಜೋಂಪು, ಮೈ ಬಿಗಿತ ಇದ್ರ ಬರೆದುಕೊಟ್ಟವರಿಗೆ ಹೇಳು, ಅವರ ಕಡಿಮಿ ಮಾಡ್ತಾರ, ಕೂಸುಗಳ ಕೈಗೆ ಸಿಗದಂಗ ಇಡು, ಇದು ನಾಚಿಕಿ ಪಡುವಂಥಾ ಜಡ್ಡಲ್ಲಪಾ. ಅವನು ತಲೆ ಆಡಿಸಿದ, ಉಳಿದ ಗುಳಗಿಯ ಆ ಚೀಟಿಯನ್ನು ಅಂಗೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ, ನಾಳೆ ನುಂಗುತ್ತಾನೋ ಹೊಳೆಗೆ ಒಗೆಯುತ್ತಾನೋ ಸೋಮವ್ವನಿಗೆ ತಿಳಿಯಲಿಲ್ಲ, ಬೈಯಲಿ ಅಂದುಕೊಂಡಳು, ಬಡಿಯಲಿ, ಮಂದಿಯ ಮುಂದೆ ಉಗುಳಲಿ, ಆದರೆ ಅವನು ಬಂದು ಬೆಂಚಿನ ಮೇಲೆ ಅವಳ ಪಕ್ಕದಲ್ಲೇ ಕೂತ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು.

ನಾ ಕಣ್ಣ ಮುಚ್ಚತಿದ್ನೆಲ್ಲ ಬೇ, ಅಂದ.

ಮುಚ್ಚುತ್ತಿದ್ದ, ಹೌದು, ಕಣ್ಣು ಮುಚ್ಚುತ್ತಿದ್ದ, ದಿನಾ, ಜಳಕದ ನೀರು ಕೂದಲಿಂದ ಇನ್ನೂ ಇಳಿಯುತ್ತಿರುವಾಗ, ಎರಡೂ ಕೈ ಮುಗಿದು, ಮೊಳಕಾಲೂರಿ, ಅವ್ವನ ಬೆರಳು ಬರುವತನಕ ಕಾಯುತ್ತ — ಆಕೆ ಚಿಟಿಕೆ ಹಿಡಿದು ಬಾಗುತ್ತಿದ್ದಳು, ಆ ಮುಚ್ಚಿದ ಕಣ್ಣು, ಆ ನಾಲಿಗೆ, ಕಣ್ಣು ಮುಚ್ಚಿ ಚಾಚಿದ ಆ ನಾಲಿಗೆ, ಆ ನಾಲಿಗೆ —