ಲಗಮಪ್ಪಜ್ಜನ ಬೋಣಿ

ಬೆಳಿಗ್ಗೆ ಏಳಕ್ಕೆ ಫರೀನಳ ಕಂಪ್ಯೂಟರು ‘ಟಿಣ್’ ಎಂದಿತು. ಕಬ್ಬು ಅರೆಯುವ ಹಂಗಾಮು ಶುರುವಾದಾಗಿನಿಂದ ದಿನಾ ಅದೇ ರಾಗ: ‘ಎಚ್ಚರಿಕೆ! ಲಗಮಪ್ಪ ಏಕಕಾಲಕ್ಕೆ ಗೋಕಾಕ, ತುಕ್ಕಾನಟ್ಟಿ, ಹುಕ್ಕೇರಿಯಲ್ಲಿ ಒಳಬಂದಿದ್ದಾರೆ.’

ಸಕ್ಕರೆ ಕಾರ್ಖಾನೆಯ ನೆಟ್‌ವರ್ಕಿಗೆ ಕಳ್ಳರು ನುಗ್ಗದಂತೆ ಕಾಯುವುದು ಫರೀನಳ ಕೆಲಸ. ಆದರೆ ಈ ಲಗಮಪ್ಪ ಕಳ್ಳನಲ್ಲ, ಕಬ್ಬು ತೂಗುವ ಕಾಟಾದಲ್ಲಿ ಮೂವತ್ತೆಂಟು ವರ್ಷ ಕೂತು ನಿವೃತ್ತನಾದ ಅಜ್ಜ. ಅವನ ಕೈಗುಣ ಒಳ್ಳೆಯದೆಂದು ಮೂರೂ ಊರಿನ ಕಾಟಾದವರು ದಿನದ ಮೊದಲ ಗಾಡಿಯನ್ನು ಅವನ ಹೆಸರಿನಲ್ಲೇ ತೂಗಿ ಬೋಣಿ ಮಾಡುತ್ತಿದ್ದರು. ಆಮೇಲೆ ತಂತಮ್ಮ ಹೆಸರು. ಅಜ್ಜನ ಪಾಸ್‌ವರ್ಡು ಗೊತ್ತಿಲ್ಲದವರೆಂದರೆ ಗಾಡಿಯ ಎತ್ತುಗಳು ಮಾತ್ರ.

ಮೊದಲ ವಾರ ಇದು ತಿಳಿಯದೆ ಫರೀನ ಎಲ್ಲವನ್ನೂ ಬಂದ್ ಮಾಡಿದ್ದಳು. ಗಾಡಿಗಳ ಸಾಲು ಡಾಂಬರು ರಸ್ತೆ ಮುಟ್ಟಿತ್ತು. ಮ್ಯಾನೇಜರ್ ಪರಶುರಾಮ ಅಂದು ಆಡಿದ ಮಾತನ್ನು ಅವಳು ಈಗಲೂ ಮೂಗಿನಲ್ಲಿ ದನಿ ತೆಗೆದು ತನ್ನ ಬುತ್ತಿಡಬ್ಬಿಗೆ ಹೇಳುತ್ತಿದ್ದಳು: “ಇನ್ನೊಮ್ಮೆ ಸುಳ್ಳ ಸುದ್ದಿಗೆ ಕಾಟಾ ನಿಲ್ಲಿಸಿದಿ ಅಂದ್ರ ನಿನ್ನ ನೌಕರೀನ ನಿಲ್ಲತೈತಿ ನೋಡವಾ!”

ಅಂದಿನಿಂದ ಟಿಣ್ ಎಂದರೆ ಬೆರಳು ತಾನಾಗಿ ‘ಗೊತ್ತಿದ್ದದ್ದೇ’ ಎಂಬ ಗುಂಡಿ ಒತ್ತುತ್ತಿತ್ತು. ಅಲರ್ಟು ಅಲರ್ಜಿಯಾಗಿತ್ತು.

ಗುರುವಾರ ಮಧ್ಯಾಹ್ನ ಹನ್ನೆರಡೂವರೆ. ಡಬ್ಬಿ ತೆರೆದಿದ್ದಳು. ಟಿಣ್. ಲಗಮಪ್ಪ. ಬೆರಳು ಗುಂಡಿಯ ಮೇಲೆ ಹೋಗಿ ನಿಂತಿತು. ಈ ಹೊತ್ತಿನಲ್ಲಿ ಬೋಣಿಯೇ?

ತುಕ್ಕಾನಟ್ಟಿಯ ಕಾಟಾಕ್ಕೆ ಫೋನು ಮಾಡಿದಳು. ಅಲ್ಲಿ ತೂಗುವ ಹೊಳೆಪ್ಪ ನಕ್ಕ. “ಮಟಮಟ ಮಧ್ಯಾಹ್ನ ಯಾರ್ ಬೋಣಿ ಮಾಡ್ತಾರ ತಂಗಿ? ನಿನ್ನ ಕಂಪ್ಯೂಟರಿಗೆ ಬಿಸಲ ಬಡದೈತಿ.” ಗೋಕಾಕ, ಹುಕ್ಕೇರಿಯವರೂ ಇಲ್ಲವೆಂದರು. ಕೊನೆಗೆ ಅಜ್ಜನನ್ನೇ ಕೇಳಿದಳು.

“ನಾ ನಿಡಸೋಸಿ ಮಠದಾಗ ಊಟಕ್ಕ ಕುಂತೇನ್ರಿ ಅಕ್ಕಾರ. ಕೈತುಂಬ ಹುಗ್ಗಿ ಐತಿ, ಲಗೂನ ಹೇಳ್ರಿ.”

ಪರದೆಯ ಮೇಲೆ ಮಾತ್ರ ಲಗಮಪ್ಪ ಯಾವುದೋ ದೂರದೂರಿನಲ್ಲಿ ಕೂತು ಕಬ್ಬು ಬೆಳೆಗಾರರ ಕಡತಗಳನ್ನು ನೂರುಗಟ್ಟಲೆ ಹೊತ್ತೊಯ್ಯುತ್ತಿದ್ದ.

ಫರೀನ ನೆಟ್‌ವರ್ಕು ಬಂದ್ ಮಾಡಿದಳು.

ಐದೇ ನಿಮಿಷಕ್ಕೆ ಪರಶುರಾಮ ಬಾಗಿಲಲ್ಲಿದ್ದ. “ಮತ್ತ ಬಂದ್ ಮಾಡಿದೇನವಾ?”

ಅವಳು ಪರದೆಯನ್ನು ಅವನತ್ತ ತಿರುಗಿಸಿದಳು. ಅವನು ಓದಿದ, ಕನ್ನಡಕ ಒರೆಸಿ ಮತ್ತೆ ಓದಿದ. “ಇಂವಾ ಯಾರ?”

“ಗೊತ್ತಿಲ್ರಿ. ಲಗಮಪ್ಪಜ್ಜ ಅಂತೂ ಅಲ್ಲ.”

“ಗಾಡಿ ನಿಂತಾವಲ್ಲ?”

“ದಾರಿ ಮಾಡ್ತೇನ್ರಿ.”

ಅಜ್ಜನ ಹೆಸರು ಅಳಿಸಿ, ಎಲ್ಲರ ಪಾಸ್‌ವರ್ಡು ರದ್ದು ಮಾಡಿ, ಕಾಟಾಕ್ಕಷ್ಟೇ ನಡೆಯುವಂತೆ ತನ್ನ ಹೆಸರಿನಲ್ಲಿ ಒಂದು ತಾತ್ಕಾಲಿಕ ಖಾತೆ ತೆರೆದು ಮೂರೂ ಕಾಟಾದವರಿಗೆ ಫೋನಿನಲ್ಲಿ ಹೇಳಿದಳು. “ಇವತ್ತ ಸಂಜಿತನಕ ಅಷ್ಟ. ಆಮ್ಯಾಲೆ ಹೊಸಾದು ಕೊಡ್ತೇನಿ.” ಕೊಟ್ಟಳು ಕೂಡ. ಸಂಜೆಯೊಳಗೆ ಗಾಡಿಗಳ ಸಾಲು ಕರಗಿತು. ಪರಶುರಾಮ ಹೋಗುವಾಗ, “ನಾಳಿ ಲಗೂ ಬಾ” ಎಂದ. ನೌಕರಿ ಉಳಿದಿತ್ತು. ಡಬ್ಬಿಯ ರೊಟ್ಟಿ ಸೆಟೆದಿತ್ತು.

ಮರುದಿನ ಏಳಕ್ಕೆ ಟಿಣ್. ‘ಎಚ್ಚರಿಕೆ! ಫರೀನ ಏಕಕಾಲಕ್ಕೆ ಗೋಕಾಕ, ತುಕ್ಕಾನಟ್ಟಿ, ಹುಕ್ಕೇರಿಯಲ್ಲಿ...’

ತಾತ್ಕಾಲಿಕ ಖಾತೆ ಮುಚ್ಚಲು ಮರೆತಿದ್ದಳು.

“ಅಜ್ಜನ ಹೆಸರ ಹೋತಲ್ಲ ತಂಗಿ,” ಎಂದ ಹೊಳೆಪ್ಪ ಫೋನಿನಲ್ಲಿ. “ನಿನ್ನಿ ನಿನ್ನ ಹೆಸರಿಲೆ ಎಲ್ಲಾ ಗಾಡಿ ತಕರಾರಿಲ್ದ ದಾಟಿದ್ವು. ಛಲೋ ಕೈಗುಣ ಐತಿ ನಿನ್ದು!”

ಫರೀನ ತನ್ನ ಕೈ ನೋಡಿಕೊಂಡಳು. ‘ಗೊತ್ತಿದ್ದದ್ದೇ’ ಒತ್ತಲಿಲ್ಲ. ತನ್ನ ಹೆಸರು ಮುಚ್ಚಿ, ಡಬ್ಬಿ ಚೀಲಕ್ಕೆ ಹಾಕಿ, ಮೂರೂ ಕಾಟಾದವರಿಗೆ ಎದುರು ಕೂತು ತಿಳಿಸಿಹೇಳಲು ಮೊದಲು ತುಕ್ಕಾನಟ್ಟಿ ಬಸ್ಸಿಗೆ ಹೊರಟಳು. ಅವಳಾದರೂ ಒಂದು ಹೊತ್ತಿಗೆ ಒಂದೇ ಊರಿನಲ್ಲಿ ಇರಬಲ್ಲಳು.