ಮೂವತ್ತು ಹೆಜ್ಜೆಯಾಚೆಯ ದನಿ

ಎರಡು ಸಾವಿರದ ಹದಿಮೂರರ ಬೇಸಿಗೆಯಲ್ಲಿ ಪಾಮರ್ಸ್ಟನ್ ನಾರ್ತನ್ನು ಮಳೆ ಮರೆತೇಬಿಟ್ಟಿತು. ಭೂಮಿಯ ದಕ್ಷಿಣ ತುದಿಯ ಆ ದೇಶದಲ್ಲಿ ಬೇಸಿಗೆಯೆಂದರೆ ಈ ತಿಂಗಳುಗಳೇ: ಜನವರಿ ಕಳೆಯಿತು, ಫೆಬ್ರವರಿಯೂ ಕಳೆಯಿತು. ಊರ ಸುತ್ತಿನ ಹುಲ್ಲುಗಾವಲು ಹಳೇ ಕಂಬಳಿಯ ಬಣ್ಣಕ್ಕೆ ತಿರುಗಿತು. ಕುರಿಗಳು ಬೇಲಿಯ ನೆರಳಿಗೆ ಮೂತಿಯಿಟ್ಟು ನಿಂತವು. ಬೆಟ್ಟದ ಸಾಲಿನ ಮೇಲೆ ಗಾಳಿಯಂತ್ರಗಳು ಮಾತ್ರ ಬಿಡುವಿಲ್ಲದೆ ತಿರುಗುತ್ತಿದ್ದವು.

ವಸುಂಧರಾ ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್. ಮೈಸೂರಿನಲ್ಲಿ ಕಲಿತವಳು, ಈ ಊರಿಗೆ ಬಂದು ಒಂಬತ್ತು ವರ್ಷ. ಅವಳ ಮಧ್ಯಾಹ್ನದ ಕೊನೆಯ ಮನೆ ಮೃತ್ಯುಂಜಯನವರದು. ಎಂಬತ್ತೆರಡರ ಮುದುಕರು, ಗದಗಿನ ಕಡೆಯವರು. ಮಿಡತೆಗಳ ವಿಜ್ಞಾನಿ. ಅರಬ್ಬರ ಮರುಭೂಮಿಯಲ್ಲಿ ಮಿಡತೆ ಹಿಂಡುಗಳ ಜಾಡು ಹಿಡಿದು ವರ್ಷಗಟ್ಟಲೆ ಅಲೆದು, ಆಮೇಲೆ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ ನಿವೃತ್ತರಾದವರು. ಈಗ ಹೃದಯ ಸೋತಿತ್ತು. ಇನ್ನು ಕೆಲವೇ ವಾರ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ನೀರು ಒಳಗೆ ಹೋದರೆ ಕಾಲು ಬಾತು ಉಸಿರು ಕಟ್ಟುತ್ತಿತ್ತು. ಅದಕ್ಕೇ ಜಗ್ಗಿನ ಮೇಲೊಂದು ಗೆರೆ; ಬೆಳಿಗ್ಗೆ ಮಗಳು ತೇಜಸ್ವಿನಿ ಆ ಗೆರೆಯವರೆಗೆ ತುಂಬಿಸಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು. ಎರಡು ಗಂಟೆಗೆ ವಸುಂಧರಾ ಬಂದು ಅವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಬರೆದುಕೊಂಡು, ಗುಳಿಗೆ ಕೊಟ್ಟು, ಮಗಳು ಐದಕ್ಕೆ ಮರಳುವವರೆಗೆ ಕೂತಿರುತ್ತಿದ್ದಳು.

ಕೂತಿದ್ದಾಗ ಅವರು ಕಥೆ ಹೇಳುವರು, ಇವಳು ಕೇಳುವಳು.

ಕೇಳುವುದು ಅವಳಿಗೆ ಮನೆಯಿಂದ ಬಂದ ವಿದ್ಯೆ. ತಾತ ಸಂಜೆ ಹೊತ್ತು ರಾಗವಾಗಿ ಷಟ್ಪದಿ ಓದುತ್ತಿದ್ದರು. ಪದ್ಯ ನಿಂತಲ್ಲೆಲ್ಲ ಎದುರಿಗೆ ಕೂತು "ಹೂಂ" ಅನ್ನುವುದು ಮಗು ವಸುಂಧರೆಯ ಪಾಲಿನ ಸೇವೆ. ಹೂಂಗುಟ್ಟುವವರಿಲ್ಲದ ಕಥೆ ಗೋಡೆಗೆ ಹೇಳಿದ ಹಾಗೆ ಎನ್ನುತ್ತಿದ್ದರು ತಾತ. ಇನ್ನೊಂದು ಕಟ್ಟುನಿಟ್ಟೂ ಇತ್ತು: ಸಾವಿನ ಹತ್ತಿರ, ಶಾಪದ ಹತ್ತಿರ ಓದು ನಿಲ್ಲಿಸಿ ಏಳುವಂತಿಲ್ಲ. ಎಷ್ಟು ಹೊತ್ತಾಗಲಿ, ಒಂದು ಒಳ್ಳೆಯ ಜಾಗಕ್ಕೆ ಮುಟ್ಟಿಸಿಯೇ ಹೊತ್ತಗೆ ಮುಚ್ಚಬೇಕು.

ಮೃತ್ಯುಂಜಯನವರ ಕಥೆ ದಿನವೂ ಕೆಟ್ಟ ಜಾಗದಲ್ಲೇ ನಿಲ್ಲುತ್ತಿತ್ತು.

"ರುಬ್ ಅಲ್ ಖಾಲಿ ಅಂತ ಆ ಮರುಭೂಮಿ ಹೆಸರು, ತಂಗಿ," ಎಂದು ಶುರುಮಾಡುವರು. "ಖಾಲಿ ಅಂದ್ರ ನಮ್ಮ ಖಾಲೀನ. ನಾಲ್ಕಾಣೆ ಪಾಲು ನೆಲಾನ ದೇವ್ರು ಖಾಲಿ ಬಿಟ್ಟಾನ ಅಂತ."

"ಹೂಂ."

"ಮರಳಿನ ಗುಡ್ಡ ಅಂದಕೂಡ್ಲೆ ನೀ ಇಲ್ಲಿ ಹಿಮಟಂಗಿ ಬೀಚ್ ನೆನಸಬ್ಯಾಡ. ಒಂದೊಂದು ಎಂಟುನೂರು ಅಡಿ. ಅರಿಶಿಣಕ್ಕ ಕುಂಕುಮ ಕಲಸಿದಂಥ ಬಣ್ಣ. ಬ್ಯಾಸಗಿ ಹಗಲಾಗ ಬರಿಗಾಲಿಟ್ರ ಬೊಬ್ಬಿ ಏಳ್ತಾವ. ಚಳಿಗಾಲದ ನಸುಕಿನ್ಯಾಗ ಹಲ್ಲು ಕಟಕಟ. ಮಳಿ ಅನ್ನೂದು ಅಲ್ಲಿ ಗಾಳಿಸುದ್ದಿ. ಒಂದೂರಾಗ ಐದು ವರ್ಷದ ಕೂಸು ಮಳಿ ಕಂಡಿರಲಿಲ್ಲ, ಹನಿ ಬಿದ್ದಕೂಡ್ಲೆ ಚಿಟ್ಟನೆ ಚೀರಿ ಅವ್ವನ ಸೆರಗಿನ್ಯಾಗ ಹೊಕ್ಕಿತು."

"ಅಯ್ಯೋ ಪಾಪ. ಅಂಥಾ ಕಡೆ ಏನ್ ಬದುಕತ್ತೆ ಅಂಕಲ್?"

"ಎಲ್ಲಾ ಬದುಕ್ತಾವ. ಕಾಣಿಸಿಕೊಳ್ಳೂದಿಲ್ಲ, ಅಷ್ಟ. ಒಂದು ಹಲ್ಲಿ ಅದ, ಮರಳಾಗ ಮೀನಿನಂಗ ಈಜ್ತದ. ನೋಡನೋಡೂದ್ರಾಗ ಸುರ್ ಅಂತ ಒಳಗ. ಕೊಂಬಿನ ಹಾವು ಮೈಯೆಲ್ಲ ಹುಗಿದುಕೊಂಡು ಎರಡು ಕಣ್ಣಷ್ಟ ಹೊರಗಿಡ್ತದ. ಬಿಳೇ ಜಿಂಕಿಯಂಥಾದ್ದು ಒಂದಿತ್ತು, ಎಲಿ ಮ್ಯಾಲಿನ ಇಬ್ಬನಿ ಮ್ಯಾಲ ತಿಂಗಳುಗಟ್ಲೆ ಬದುಕ್ತಿತ್ತಂತ. ನಾ ಹೋಗೂದ್ರಾಗ ಹೊಡದು ತಿಂದು ಮುಗಿಸಿದ್ರು. ಅದರ ಕೊಂಬು ಸಿಕ್ತು, ಅದು ಸಿಗಲಿಲ್ಲ."

"ನಮ್ಮ ಈ ಜಗ್ಗಿಗೆ ಅದೇ ಸರಿಯಾದ ಪೇಶೆಂಟು, ಬಿಡಿ."

"ನೀ ನರ್ಸ್ ಅಲ್ಲವಾ, ಜೈಲರ್ ಆಗಬೇಕಿತ್ತು."

ನಗು ಮುಗಿದ ಮೇಲೆ ಕಥೆಯೊಳಗೆ ಹಮದ್ ಬರುತ್ತಿದ್ದ. ಹಮದ್ ಅವರಿಗೆ ದಾರಿ ತೋರಿಸುವವನು. ಮರಳಿನ ಮೇಲಿನ ಒಂಟೆಯ ಹೆಜ್ಜೆ ನೋಡಿ ಅದು ಯಾರ ಒಂಟೆ, ಬಸುರಿಯೋ ಅಲ್ಲವೋ ಹೇಳುತ್ತಿದ್ದವನು. ಎಪ್ಪತ್ತೆಂಟನೇ ಇಸವಿಯ ಚಳಿಗಾಲದಲ್ಲಿ, ಎಲ್ಲೋ ಒಂದು ಮಳೆ ಬಿದ್ದು ಮಿಡತೆ ಮೊಟ್ಟೆಯಿಟ್ಟಿದೆ ಎಂಬ ಸುದ್ದಿ ಹಿಡಿದು ಇಬ್ಬರೇ ಹೊರಟಿದ್ದರು.

"ಒಣಾ ಮರಳು ಗುಡ್ಡದ ನೆತ್ತಿಯಿಂದ ಜಾರಿದ್ರ ವಿಮಾನ ಹೋದಂಗ ಗುಂಯ್ ಅಂತದ, ತಂಗಿ. ಅದು ಭೌತಶಾಸ್ತ್ರ. ಆದ್ರ ಹಮದ್ ಬ್ಯಾರೆ ಹೇಳ್ತಿದ್ದ. ಗಾಳಿ ಎದ್ದಾಗ ಮರಳಿನೊಳಗಿಂದ ಯಾರರೆ ಹೆಸರು ಹಿಡಿದು ಕರೆದ್ರ ಓಗೊಡಬ್ಯಾಡ ಅಂತಿದ್ದ. ಗೊತ್ತಿದ್ದವರ ದನಿ ಕದ್ದು ಕರೀತಾವಂತ. ಓ ಅಂದಂವ ಎದ್ದು ಹೋಗ್ತಾನ, ತಿರುಗಿ ಬರೂದಿಲ್ಲ."

"ಹೂಂ."

"ಮಧ್ಯಾಹ್ನ ಗಾಳಿ ಎದ್ದಿತು. ಅಂಗೈ ಕಾಣದಂಥ ಗಾಳಿ. ನಮ್ಮ ಒಂಟಿ ಹಗ್ಗ ಹರಕೊಂಡು ಓಡಿಹೋತು. ಹಿಡಕೊಂಡು ಬರ್ತೀನಿ ಅಂತ ಹಮದ್ ಹೊರಗ ಹೋದ. ನಾ ಡೇರೇದಾಗ ಒಬ್ಬನ. ಆಮ್ಯಾಲ..."

ಅಷ್ಟೇ. ದಿನವೂ ಅಷ್ಟೇ.

"ತೇಜಸ್ವಿನಿಗಾದ್ರೂ ಹೇಳಿದೀರಾ, ಅಂಕಲ್?"

"ಯಾರಿಗೂ ಹೇಳಿಲ್ಲ. ಮೂವತ್ತೈದು ವರ್ಷಾತು. ಸಾಯೂದೇನು ದೊಡ್ಡದಲ್ಲ, ತಂಗಿ. ಇದನ್ನ ಹೊಟ್ಟ್ಯಾಗಿಟ್ಕೊಂಡು ಸಾಯೂದು ಅದ ನೋಡು, ಅದಕ್ಕ ಅಂಜ್ತೀನಿ."

ಮಾರ್ಚ್ ತಿಂಗಳ ಮೊದಲ ಸೋಮವಾರ ಅವರು ಆ ಜಾಗವನ್ನು ದಾಟಿದರು. ಕಿಟಕಿಯ ಹೊರಗೆ ಬಿಸಿಲು ಬಿಳಿಚಿಕೊಂಡು ನಿಂತಿತ್ತು. ದನಿ ತಗ್ಗಿಸಿ ಹೇಳಿದರು:

"ಆಮ್ಯಾಲ ಹಮದ್ ಕರೆದ. ನನ್ನ ಹೆಸರು ಅವನ ನಾಲಿಗಿಗೆ ಹೊಳ್ಳತಿರಲಿಲ್ಲ, ಮುರ್ತೂ ಅಂತಿದ್ದ. ಡೇರೆ ಹೊರಗ, ಆ ಗಾಳಿಯೊಳಗ... ಮುರ್ತೂ..."

ಮಾತು ನಿಂತಿತು. ನಿಂತಲ್ಲಿ ವಸುಂಧರೆಯ ಬಾಯಿ ತಾನಾಗಿಯೇ ಅಂದಿತು: "ಹೂಂ."

ಮುದುಕರ ಕಣ್ಣು ಅವಳ ಮೇಲೆ ನೆಟ್ಟುಬಿಟ್ಟಿತು. "ಏನಂದಿ?"

"ಹೂಂ ಅಂದೆ ಅಂಕಲ್. ಕೇಳ್ತಾ ಇದೀನಿ ಅಂತ."

"ಅಂವ ಕರೆದ ಜಾಗದಾಗ ಹೂಂ ಅಂದಿಯಲ್ಲ ತಂಗಿ!"

ಎಲ್ಲಿಂದಲೋ ಗುಂಯ್ ಎಂಬ ಸದ್ದು ಎದ್ದಿತು. ಕಿವಿಗಿಂತ ಮೊದಲು ಅದು ಎದೆಗೂಡಿಗೆ ತಾಗಿತು. ಮೇಜಿನ ಮೇಲಿನ ಗುಳಿಗೆ ಡಬ್ಬಿ ಸಣ್ಣಗೆ ಗಿಲಕಿಯಾಡಿತು. ಗಾಳಿಯಂತ್ರದ ಸದ್ದು ಎಂದುಕೊಂಡು ವಸುಂಧರಾ ಬೆಟ್ಟದ ಕಡೆ ನೋಡಿದಳು. ಒಂದು ರೆಕ್ಕೆಯೂ ತಿರುಗುತ್ತಿರಲಿಲ್ಲ.

ಮರುದಿನ ಎರಡು ಗಂಟೆಗೆ ಬಂದಾಗ ಜಗ್ಗು ಬರಿದಾಗಿತ್ತು.

"ಅಂಕಲ್, ಎಲ್ಲಾ ಒಂದೇ ಸಲ ಕುಡಿದ್ರಾ?"

"ಒಂದು ಗುಟುಕು ಮುಟ್ಟಿಲ್ಲ."

ಇದಕ್ಕೆ ತೂಕದ ಯಂತ್ರವೇ ಸಾಕ್ಷಿ ಹೇಳಲಿ ಎಂದು ನಿಲ್ಲಿಸಿದಳು. ಒಂದೂವರೆ ಲೀಟರ್ ಒಳಗೆ ಹೋಗಿದ್ದರೆ ಈ ಹೃದಯದವರಿಗೆ ಒಂದು ಕಿಲೋ ಆದರೂ ಏರಬೇಕು. ನಿನ್ನೆ ಐವತ್ತೆಂಟು ಕಿಲೋ, ಇವತ್ತೂ ಐವತ್ತೆಂಟು. ಬುಧವಾರ ಮತ್ತೆ ಜಗ್ಗು ಬರಿದು, ತೂಕ ಐವತ್ತೇಳೂವರೆ. ಗುರುವಾರ ಜಗ್ಗಿನ ತಳದಲ್ಲಿ ಒಂದು ಚಿಟಿಕೆ ಮರಳು ಕೂತಿತ್ತು. ಈ ಊರ ಕಡೆಯ ಕಡಲ ದಂಡೆಯ ಮರಳು ಬೂದಿಗಪ್ಪು. ಇದು ಹಾಗಿರಲಿಲ್ಲ. ಬೆರಳಲ್ಲಿ ಉಜ್ಜಿ ನೋಡಿ, ಕೆಂಬಣ್ಣ ಉಗುರಿನ ಸಂದಿಗೆ ಅಂಟಿದ್ದು ಕಂಡು, ಬಾಯೊಳಗೆ ದೇವರ ಹೆಸರು ಹೇಳಿಕೊಂಡಳು. ಚಾರ್ಟಿನಲ್ಲಿ ಇದನ್ನು ಬರೆಯುವ ಕಾಲಮ್ಮು ಇರಲಿಲ್ಲ.

"ಹಮದ್ ಮೊದಲಿಗೆ ಬೆಟ್ಟದಾಚೆ ಇದ್ದ," ಎಂದರು ಮೃತ್ಯುಂಜಯ. "ಇಷ್ಟು ವರ್ಷ ಈ ಹಸಿರಿನ ನೆಲಕ್ಕ ಕಾಲಿಡಲಿಲ್ಲ. ಈಗ ನೆಲ ಒಣಗ್ಯಾದ. ಬೇಲಿ ತನಕ ಬಂದಾನ."

"ಯಾರೂ ಇಲ್ಲ ಅಂಕಲ್, ಮಲಗಿ."

"ನಿನಗ ಕೇಳಿಸಿಲ್ಲೇನು? ಖರೇ ಹೇಳು."

ವಸುಂಧರಾ ಸುಳ್ಳು ಹೇಳುವವಳಲ್ಲ. ಅವಳಿಗೆ ಕೇಳಿಸಿತ್ತು. ಪಕ್ಕದವರು ನಾಯಿ ಕರೆಯುತ್ತಿದ್ದಾರೆ ಎಂದುಕೊಂಡಿದ್ದಳು. ಈಗ ಮತ್ತೆ ಬಂತು, ಬರಿಗಡಿಗೆಯ ತಳದಿಂದ ಬಂದಂತೆ, ನೀರಿಲ್ಲದ ಗಂಟಲಿನ ಕೂಗು: ಮುರ್ತೂ.

"ನಿನ್ನ ಹೂಂ ಅವಂಗ ಸಿಕ್ಕದ," ಎಂದರು ಅವರು. "ನಾ ಓಗೊಡದಿದ್ರ ಅಂವ ನಿನ್ನ ಬೆನ್ನು ಹತ್ತತಾನ. ನನ್ನ ಪಾಪ ನಿನಗ್ಯಾಕ? ಎಬ್ಬಿಸು ನನ್ನ."

ಎಬ್ಬಿಸಬಾರದು. ಆ ಹೃದಯಕ್ಕೆ ಮಂಚದಿಂದ ಬಚ್ಚಲಿನವರೆಗಿನ ನಡಿಗೆಯೇ ಮಿತಿ. ಆದರೆ ಕಥೆಯನ್ನು ಅಲ್ಲಿ ಬಿಟ್ಟು ಏಳುವುದು ಅದಕ್ಕಿಂತ ಕೆಟ್ಟದ್ದು ಎಂದು ಅವಳ ರಕ್ತ ಹೇಳಿತು. ಭುಜ ಕೊಟ್ಟಳು. ಅವರು ಹೇಳಿದಂತೆ ಜಗ್ಗನ್ನು ಮತ್ತೆ ತುಂಬಿಸಿ ಇನ್ನೊಂದು ಕೈಯಲ್ಲಿ ಹಿಡಿದಳು. ಹಿತ್ತಿಲ ಬಾಗಿಲು ತೆರೆದಾಗ ಸೋಮವಾರದ ಅದೇ ಗುಂಯ್ ಸದ್ದಿನೊಡನೆ ಬಿಸಿ ಮುಖಕ್ಕೆ ರಾಚಿತು. ಅದು ಈ ದೇಶದ ಬಿಸಿಲಿನ ಬಿಸಿಯಾಗಿರಲಿಲ್ಲ.

ಮೆಟ್ಟಿಲ ಮೇಲೆ ನಿಂತು ಮೃತ್ಯುಂಜಯನವರು, ಇಷ್ಟು ದಿನ ಪಿಸುಗುಟ್ಟುತ್ತಿದ್ದವರು, ಹೊಲದಾಚೆ ಇದ್ದವರನ್ನು ಕೂಗುವಂತೆ ಕೂಗಿದರು:

"ಓ! ಓ ಹಮದ್! ಇಲ್ಲೇ ಇದ್ದೀನೋ!"

ಗುಂಯ್ಗುಡುತ್ತಿದ್ದ ಸದ್ದು ಕತ್ತರಿಸಿದಂತೆ ನಿಂತಿತು. ಆಚೆಯ ಹುಲ್ಲುಗಾವಲಲ್ಲಿ ಚದುರಿದ್ದ ಕುರಿಗಳೆಲ್ಲ ತಲೆಯೆತ್ತಿ ಬೇಲಿಯ ಒಂದೇ ಕಂಬದ ಕಡೆ ನೋಡಿದವು.

"ಮೂವತ್ತು ಹೆಜ್ಜಿ," ಎಂದು ಅವರು ಕಾಲು ಮುಂದಿಟ್ಟರು. "ಗಾಳಿ ನಿಂತ ಮ್ಯಾಲ ಅಳದು ನೋಡೀನಿ. ಒಂದು... ಎರಡು... ಡೇರೆಯಿಂದ ಮೂವತ್ತ ಹೆಜ್ಜಿ ಮ್ಯಾಲ ಬಿದ್ದಿದ್ದ, ತಂಗಿ. ಕಾಲು ಮುರಿದಿತ್ತು. ಬಾಯಿ ತುಂಬ ಮರಳು. ಮೂರು ಸರ್ತಿ ಕರೆದಿದ್ದ. ಅದು ಅವನ ದನೀನ ಅಂತ ನನಗ ಗೊತ್ತಿತ್ತು. ದೆವ್ವ ಅಂತ ಒಂದು ಗಳಿಗಿ ಸೈತ ಅನಿಸಿರಲಿಲ್ಲ. ಹೊರಗ ಹೋಗಾಕ ಅಂಜಿದ್ದೆ, ಅಷ್ಟ. ಅಂವ ಕಲಿಸಿದ ಮಾತನ್ನ ನೆವ ಮಾಡ್ಕೊಂಡು ಕಂಬಳಿ ಹೊದ್ದು ಕೂತೆ. ದಾರಿ ತಪ್ಪಿ ಸತ್ತ ಅಂತ ರಿಪೋರ್ಟ್ ಬರದೆ."

ಇಪ್ಪತ್ತನೇ ಹೆಜ್ಜೆಯ ಹೊತ್ತಿಗೆ ವಸುಂಧರೆಯ ಭುಜದ ಭಾರ ಅರ್ಧವಾಯಿತು, ಆ ಕಡೆಯ ತೋಳಿಗೂ ಯಾರೋ ಹೆಗಲು ಕೊಟ್ಟ ಹಾಗೆ. ಅವಳು ಆ ಕಡೆ ತಿರುಗಲಿಲ್ಲ. ಬೇಲಿಯ ಬಳಿ ಅವರು ಜಗ್ಗು ತೆಗೆದುಕೊಂಡು ನೆಲಕ್ಕೆ ಬಗ್ಗಿಸಿದರು. ಎರಡು ತಿಂಗಳು ಕಾದು ಹಂಚಿನಂತಾಗಿದ್ದ ನೆಲ; ನೀರು ಹರಿದು ಹೋಗಬೇಕಿತ್ತು. ಒಂದು ಹನಿಯೂ ಹರಿಯಲಿಲ್ಲ. ಗುಟುಕು ಗುಟುಕಾಗಿ ಒಳಗೆ ಇಳಿಯಿತು. ನೈವೇದ್ಯದ ಹೊತ್ತಿಗೆ ಗರ್ಭಗುಡಿಯ ಪರದೆ ಎಳೆದಾಗ ಮಾಡುವಂತೆ ವಸುಂಧರಾ ಕಣ್ಣು ಮುಚ್ಚಿಕೊಂಡಳು. ಮುದುಕರು ಅವಳಿಗೆ ಗೊತ್ತಿಲ್ಲದ ಭಾಷೆಯಲ್ಲಿ ಏನೋ ಹೇಳುತ್ತಿದ್ದರು, ನಡುನಡುವೆ ಸುಮ್ಮನಿದ್ದು ಕೇಳುತ್ತಿದ್ದರು.

"ನೀರಷ್ಟಕ್ಕ ಬಂದಿಲ್ಲ ಅಂವ," ಎಂದರು ಕೊನೆಗೆ ಕನ್ನಡದಲ್ಲಿ. "ಇಬ್ಬರು ಗಂಡುಮಕ್ಕಳದಾರ ಅವಂಗ. ದಾರಿ ತೋರಿಸಾಂವ ದಾರಿ ತಪ್ಪಿ ಸತ್ತ ಅಂತ ಇವತ್ತಿಗೂ ಊರ ಮಂದಿ ಅವರನ್ನ ಆಡಿಕೊಳ್ತಾರಂತ. ಅವಂಗ ಹೆಸರು ವಾಪಸ್ ಬೇಕು."

ಐದು ಗಂಟೆಗೆ ತೇಜಸ್ವಿನಿ ಬಂದಾಗ ಅಪ್ಪ ಊಟದ ಮೇಜಿನ ಮುಂದೆ ನೆಟ್ಟಗೆ ಕೂತಿದ್ದರು.

"ಅಪ್ಪಾ! ಮಂಚ ಬಿಟ್ಟು ಯಾಕ ಎದ್ರಿ? ವಸುಂಧರಾ, ಏನ್ರೀ ಇದು, ನೀವೂ ಸುಮ್ಮನ ಬಿಟ್ರೇನು? ಕಾಲೆಲ್ಲ ಮಣ್ಣು ಬ್ಯಾರೆ!"

"ಆಮ್ಯಾಲ ಬೈ ನಮ್ಮಿಬ್ಬರನ್ನೂ," ಎಂದರು ಅಪ್ಪ. "ಲ್ಯಾಪ್‌ಟಾಪ್ ತಗೀ. ಒಂದು ಪತ್ರ ಬರೀಬೇಕು. ನಾ ಹೇಳ್ತೀನಿ, ನೀ ಇಂಗ್ಲಿಷಿಗೆ ಹಾಕು. ಅಲ್ಲಿಯವರು ಓದಿಸ್ಕೋತಾರ."

ಅವರ ಉಸಿರು ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ವಸುಂಧರಾ ನಾಡಿ ಹಿಡಿದು ಪಕ್ಕದಲ್ಲೇ ನಿಂತಳು. ತೇಜಸ್ವಿನಿ ಅಪ್ಪನ ಮುಖ ನೋಡಿ, ಚೀಲವನ್ನೂ ಕೆಳಗಿಡದೆ ಕೂತಳು.

"ಹಮದನ ಮಕ್ಕಳಿಗೆ," ಎಂದು ಆರಂಭಿಸಿದರು, ಮೇಷ್ಟ್ರು ಡಿಕ್ಟೇಶನ್ ಕೊಡುವಂತೆ ಬಿಡಿಸಿ ಬಿಡಿಸಿ. "ನಿಮ್ಮ ತಂದೆ ದಾರಿ ತಪ್ಪಲಿಲ್ಲ. ಆ ಗಾಳಿಯಲ್ಲಿ, ಮುರಿದ ಕಾಲಿನಲ್ಲಿ, ನನ್ನ ಡೇರೆಯ ತನಕ ಸರಿಯಾಗಿ ಬಂದಿದ್ದರು. ನನ್ನನ್ನು ಕರೆದರು. ನಾನು ಎಚ್ಚರವಾಗಿದ್ದೆ."

ಕೀಲಿಗಳ ಮೇಲೆ ತೇಜಸ್ವಿನಿಯ ಬೆರಳು ನಿಂತವು. ಹೊರಗೆ ಗಾಳಿಯಂತ್ರಗಳು ತಿರುಗತೊಡಗಿದ್ದವು.

"ಅಪ್ಪಾ," ಎಂದಳು ಮೆಲ್ಲಗೆ. "ಎಚ್ಚರ ಇದ್ದೆ ಅನ್ನೂದನ್ನೂ ಬರೀಲೇನು?"

ಅವರು ಮಗಳ ಕಡೆ ನೋಡಲಿಲ್ಲ. ಹಿತ್ತಿಲ ಬಾಗಿಲ ಪಕ್ಕದ ಖಾಲಿ ಕುರ್ಚಿಯ ಕಡೆ ತಿರುಗಿ, ಕಿವಿಗೊಟ್ಟು, ಸ್ವಲ್ಪ ಹೊತ್ತು ಕಾದರು.

"ಬರಿ," ಎಂದರು.