ಉಡದಾರದ ತೂಕ

ಸುವರ್ಣಾ ಅಂಗನವಾಡಿಯ ಹೊಸ್ತಿಲಲ್ಲಿ ಕುಳಿತು ಉಪ್ಪಿಟ್ಟಿನ ರವೆಯೊಳಗಿನ ಹುಳ ಆರಿಸುತ್ತಿದ್ದಾಗ, ಸುಂದರಬಾಯಿ ಮೊಮ್ಮಗಳನ್ನು ಬಗಲಲ್ಲಿ ಎತ್ತಿಕೊಂಡು ಬಂದಳು. ಮೆಹಕರದ ಹೊರಗೆ ಕುರಿಹಟ್ಟಿ ಇರುವ ಮನೆಯ ಮುದುಕಿ. ಎರಡು ವರ್ಷದ ಸೋನಾಲಿಯ ಕೈಕಾಲು ತೊಗರಿಕಟ್ಟಿಗೆಯಂತಿದ್ದವು. ನಡುವಿಗೆ ಮಾತ್ರ ದಪ್ಪನೆಯ ಬೆಳ್ಳಿ ಉಡದಾರ, ಕಾಲಿಗೆ ಕಡಗ.

“ಬೆಳ್ಳಿ ಬಿಚ್ಚಿ ತಕ್ಕಡ್ಯಾಗ ಕೂಡಸ್ರಿ, ಆಯಿ.”

“ಉಡದಾರ ಸತ್ತವರದಷ್ಟೇ ಬಿಚ್ಚೂದ್ರಿ, ಟೀಚರ. ತೂಕ ಹೆಚ್ಚ ಬಂದ್ರ ನಿಮಗೇ ಚಲೋ ಅಲ್ಲೇನ್ರಿ? ಸಾಹೇಬರ ಮುಂದ ನಿಮ್ಮದೇ ಹೆಸರಾಗ್ತದ.”

ಸುವರ್ಣಾ ನಕ್ಕುಬಿಟ್ಟಳು. ಹಟ್ಟಿಯ ಕೂಸುಗಳನ್ನೆಲ್ಲ ವರ್ಷಗಟ್ಟಲೆ ಹಾಗೆಯೇ ತೂಗಿದ್ದಳು. ಬೆಳ್ಳಿ ಸಮೇತ ಎಂಟು ಕಿಲೋ ಮುನ್ನೂರು. ಅದನ್ನೇ ಇಲಾಖೆಯ ಫೋನಿಗೆ ಏರಿಸಿದಳು. ಎಂಟು ಕಿಲೋ ನೂರಕ್ಕಿಂತ ಕಡಿಮೆ ಇದ್ದಿದ್ದರೆ ಕೂಸು ತೀರಾ ಸೊರಗಿದ ಮಕ್ಕಳ ಕೆಂಪು ಪಟ್ಟಿಗೆ ಸೇರುತ್ತಿತ್ತು. ದಿನವೂ ಹಾಲು, ಮೊಟ್ಟೆ, ಬೀದರ ಆಸ್ಪತ್ರೆಗೆ ಚೀಟಿ ಸಿಗುತ್ತಿತ್ತು.

ಮರುದಿನ ಸೋನಾಲಿ ಎರಡು ತುತ್ತಿಗೇ ಸೋತು ಗೋಡೆಗೆ ಒರಗಿದಾಗ ಸುವರ್ಣಾಗೆ ಬೆಳ್ಳಿಯ ತೂಕ ನೆನಪಾಯಿತು. ಏರಿಸಿದ ತೂಕ ತಿದ್ದಬೇಕಾದವರು ಭಾಲ್ಕಿಯ ಮೇಲ್ವಿಚಾರಕಿ. ಅವರಿಗೆ ಪತ್ರ ಬರೆದಳು. ‘ಬೆಳ್ಳಿ ಸಮೇತ ತೂಗಿದ್ದು ನನ್ನ ತಪ್ಪು’ ಎಂಬಲ್ಲಿ ಪೆನ್ನು ನಿಂತಿತು. ಇನ್ನೊಂದು ತಪ್ಪಾದರೆ ನೋಟಿಸು ಎಂದು ಆ ಮೇಲ್ವಿಚಾರಕಿ ಮೊದಲೇ ಹೇಳಿದ್ದರು. ನಾಳೆ ಕಳಿಸಿದರಾಯಿತೆಂದು ಪತ್ರವನ್ನು ರವೆಡಬ್ಬಿಯ ಕೆಳಗಿಟ್ಟಳು.

ನಾಳೆ ನಾಳೆ ಎಂದು ಮೂರು ವಾರ ಕಳೆಯಿತು. ಬೇರೆ ಮಕ್ಕಳ ಪಾಲಿನಿಂದ ಒಂದು ಸೌಟು ತೆಗೆದು ಸೋನಾಲಿಗೆ ಬಡಿಸುತ್ತ ತನ್ನ ಮನಸ್ಸಿಗೆ ತಾನೇ ಸಮಾಧಾನ ಹೇಳಿಕೊಂಡಳು. ಆಮೇಲೆ ಕೂಸು ಬರುವುದೇ ನಿಂತಿತು. ಜ್ವರ ಅಂತೆ, ಭೇದಿ ಅಂತೆ.

ಸೋಮವಾರ ಸುಂದರಬಾಯಿ ಒಬ್ಬಳೇ ಬಂದಳು. ಸೆರಗಿನ ಗಂಟು ಬಿಚ್ಚಿ ಉಡದಾರ, ಕಡಗ ಎರಡನ್ನೂ ಹೊಸ್ತಿಲ ಮೇಲಿಟ್ಟಳು.

“ಬಿಚ್ಚೇನ್ರಿ, ಟೀಚರ. ಈಗ ತೂಗ್ರಿ.”

ಮುದುಕಿಯ ಕಣ್ಣಲ್ಲಿ ನೀರಿರಲಿಲ್ಲ. ಸುವರ್ಣಾ ಬೆಳ್ಳಿಯನ್ನು ತಕ್ಕಡಿಗಿಟ್ಟಳು. ನಾನೂರು ಗ್ರಾಂ.

“ಅಂದ್ರ?” ಎಂದಳು ಮುದುಕಿ.

“ಅಂದ್ರ ಹಾಲು ಸಿಗ್ತಿತ್ತು, ಆಯಿ.”

ಮುದುಕಿ ಬೆಳ್ಳಿಯನ್ನು ಮತ್ತೆ ಗಂಟು ಕಟ್ಟಿಕೊಂಡು ಹೋದಳು. ಬೈದಿದ್ದರೆ ಸುವರ್ಣಾಗೆ ಸ್ವಲ್ಪವಾದರೂ ಹಗುರಾಗುತ್ತಿತ್ತು.

ಡಬ್ಬಿಯ ಕೆಳಗಿನ ಪತ್ರ ತೆಗೆದು ನಿಂತಿದ್ದ ಸಾಲನ್ನು ಮುಗಿಸಿದಳು. ಬೆಳ್ಳಿ ಹಾಕಿಕೊಂಡಿರುವ ಹಟ್ಟಿಯ ಇನ್ನೈದು ಕೂಸುಗಳ ಹೆಸರು ಬರೆದು, ಮೈಮೇಲಿನದನ್ನು ಬಿಚ್ಚಿಸದೆ ಅಂಥದೇ ಬೆಳ್ಳಿಯನ್ನು ಬೇರೆ ತೂಗಿ ಆ ತೂಕ ಕಳೆಯಲು ಅಪ್ಪಣೆ ಕೇಳಿದಳು. ಸೋನಾಲಿಯ ಹೆಸರಿನ ಮುಂದೆ ಏನು ಬರೆಯಬೇಕೋ ತಿಳಿಯದೆ ಜಾಗ ಹಾಗೇ ಬಿಟ್ಟಳು.

ಭಾಲ್ಕಿ ಬಸ್ಸು ಬಂತು. ಕಂಡಕ್ಟರ್ ಅಖೀಲ ಲಕೋಟೆ ಇಸಿದುಕೊಂಡ.

“ಅರ್ಜೆಂಟ್ ಅದೇನ್ರಿ, ಟೀಚರ?”

“ಇತ್ರಿ,” ಎಂದಳು.

ಅವನು ಲಕೋಟೆಯನ್ನು ಚೀಲಕ್ಕೆ ತುರುಕಿ ಸೀಟಿ ಊದಿದ.